ಹುತ್ತದ ಕಾರು

ಆ ಕಾರಿನ ಕಂಪನಿ ಯಾವುದು, ಮಾದರಿ ಯಾವುದು ಎಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗಾಗುವುದರೊಳಗೆ ಎಲ್ಲಿಂದಲೋ ಯಾರೋ ಬಂದು ಗೇಟಿನ ಹತ್ತಿರ ನಿಂತು 'ಕೊಡ್ತೀರಾ ಸರ್' ಎನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಬಾಯಿಗೆ ಬಂದಂತೆ ಬೈದು ಕಳಿಸಿ, ಆಮೇಲೆ ಇಡೀ ದಿನ ನಾನೇ ಒದ್ದಾಡುತ್ತೇನೆ. ಇಂಗ್ಲೆಂಡಿನಲ್ಲಿ ತಯಾರಾದದ್ದು, ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು, ನಮ್ಮ ಕಡೆ ಅಂಥದ್ದು ಇನ್ನೊಂದು ಇದ್ದರೆ ನಾನಂತೂ ಕಂಡಿಲ್ಲ. ಇಷ್ಟು ಸಾಕು. ಅದರ ಮುಂದಿನ ಬಾಗಿಲು ಹಿಂದುಮುಂದಾಗಿ ತೆರೆಯುತ್ತದೆ. ತಿರುಗುವಾಗ ಸೂಚನೆ ಕೊಡಲು ದೀಪವಿಲ್ಲ. ಬಾಗಿಲ ಪಕ್ಕದ ಕಂಬದೊಳಗಿನಿಂದ ಗೇಣುದ್ದದ ಕೆಂಪು ಕೈಯೊಂದು ಟಪ್ಪೆಂದು ಹೊರಗೆ ಚಾಚುತ್ತದೆ. ಮೊದಲ ಸಲ ಅದು ಚಾಚಿದಾಗ ನನ್ನ ಹೆಂಡತಿ ನಕ್ಕು ನಕ್ಕು ನಮ್ಮ ಮನೆ ಪಕ್ಕದ ಶೆಡ್ಡಿನ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು.

ನಾನು ಸಾಗರದ ಐಟಿಐ ಒಂದರಲ್ಲಿ ಮೂವತ್ತು ವರ್ಷ ಫಿಟ್ಟರ್ ಕೆಲಸ ಕಲಿಸಿದವನು. ಅಳತೆಗೆ ಸಿಗದ ಯಾವುದನ್ನೂ ನಂಬಬೇಡಿ ಎಂದು ಪ್ರತಿ ವರ್ಷ ಮೊದಲ ದಿನವೇ ಹುಡುಗರಿಗೆ ಹೇಳುತ್ತಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು ಎಂಬ ಹೆಸರೂ ನನಗಿತ್ತು, ಅದೇನೂ ಸುಳ್ಳಲ್ಲ. ನಿವೃತ್ತನಾದ ಮೇಲೆ ಬೈಯಲು ಹುಡುಗರಿಲ್ಲದೆ ಮನೆಯಲ್ಲೇ ರೇಗತೊಡಗಿದಾಗ ಹೆಂಡತಿ ಒಂದು ದಿನ, 'ಮಾರಾಯ್ರೆ, ಎಂತಾದ್ರೂ ಹಳೇ ಕಬ್ಬಿಣ ತಂದ್ಕೊಳ್ಳಿ. ಅದ್ರ ಜೊತೆ ಜಗಳ ಆಡಿ, ನನ್ನ ಬಿಡಿ' ಎಂದಳು. ಕಬ್ಬಿಣವನ್ನು ಕಚ್ಚಿ ಹಿಡಿದುಕೊಳ್ಳುವ ಒಂದು ಹಳೆಯ ಬೆಂಚ್ ವೈಸ್ ಸಿಕ್ಕೀತೆಂದು ನಾನು ಹೊಸನಗರದ ಗುಜರಿಗೆ ಹೋದದ್ದು ಹಾಗೆ. ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ವಾರ.

ಗುಜರಿಯ ಸಾಹೇಬರು ನನಗೆ ಹಳೆಯ ಪರಿಚಯ. ವೈಸ್ ಹುಡುಕುತ್ತ ಅವರ ಜಾಗದ ಹಿಂಬದಿಗೆ ಹೋದೆ. ಅಲ್ಲಿ, ತಗಡಿನ ಚಪ್ಪರದ ಅಡಿಯಲ್ಲಿ, ಈ ಕಾರು. ಬಂದದ್ದನ್ನೆಲ್ಲ ಬಿಚ್ಚಿ ತೂಕಕ್ಕೆ ಹಾಕುವ ಜಾಗದಲ್ಲಿ ಇದರ ಒಂದು ನಟ್ಟನ್ನೂ ಯಾರೂ ಮುಟ್ಟಿರಲಿಲ್ಲ. ದೀಪ, ಬಂಪರು, ಬಾಗಿಲ ಹಿಡಿಕೆ ಎಲ್ಲ ಇದ್ದಲ್ಲೇ ಇದ್ದವು. ಮೈತುಂಬ ತುಕ್ಕು, ಟೈರುಗಳು ನೆಲಕ್ಕೆ ಅಂಟಿಹೋಗಿದ್ದವು, ಅಷ್ಟೆ. ನಿಜ ಹೇಳುತ್ತೇನೆ, ಬಂದದ್ದು ವೈಸಿಗೆ ಎಂಬುದೇ ಮರೆತುಹೋಯಿತು. ಹತ್ತಿರ ಹೋಗಿ ಬಗ್ಗಿ ನೋಡಿದರೆ, ಹಿಂದಿನ ಸೀಟಿರಬೇಕಾದ ಕಡೆ ನೆಲದ ತಗಡನ್ನು ಸೀಳಿಕೊಂಡು ಸೊಂಟದೆತ್ತರದ ಹುತ್ತ! ಹುತ್ತದ ಮೈಗೆ ಅರಿಶಿನ, ಕುಂಕುಮ. ಬುಡದಲ್ಲಿ ಬಾಡಿದ ದಾಸವಾಳ.

'ಅದನ್ನ ಮುಟ್ಟಂಗಿಲ್ಲ ಮೇಷ್ಟ್ರೇ,' ಎಂದರು ಸಾಹೇಬರು ಹಿಂದಿನಿಂದ. 'ನಾಗ ಕೂತಿದೆ. ಹತ್ತು ವರ್ಷದ ಮೇಲಾಯ್ತು. ನಾಗರಪಂಚಮಿ ದಿನ ಹೆಂಗಸ್ರ ಸಾಲು ನೋಡ್ಬೇಕು ನೀವು. ಆವತ್ತು ನಾನು ಗುಜರಿ ಬಾಗ್ಲೇ ಹಾಕ್ತೀನಿ.'

'ಅದಕ್ಕೆ ನೀವು ಸುಮ್ನೆ ಇದೀರಾ?'

'ಎಂತ ಮಾಡ್ಲಿ? ಅವ್ರ ದೇವ್ರು, ನನ್ನ ಜಾಗ. ದೇವ್ರು ಮಳೇಲಿ ನೆನೀತದೆ ಅಂತ ಮೇಲೆ ಶೀಟ್ ಹಾಕ್ಸಿದ್ದೂ ನಾನೇ.'

ಮಾತಾಡುತ್ತಿರುವಾಗಲೇ ಬೇಲಿಯ ಸಂದಿಯಿಂದ ಒಬ್ಬ ಹಿರಿಯ ಹೆಂಗಸು ಒಳಗೆ ಬಂದರು. ಎಂಬತ್ತು ದಾಟಿದ ವಯಸ್ಸು, ನೆಟ್ಟಗಿನ ಬೆನ್ನು, ಕೈಯಲ್ಲಿ ಹಾಲಿನ ಚೊಂಬು. ಗುಜರಿಯ ಹಿಂದಿನ ಬೀದಿಯಲ್ಲಿ ಮಗಳ ಮನೆಯಲ್ಲಿ ಇರುವವರು, ಈ ಹುತ್ತಕ್ಕೆ ಮೊಟ್ಟಮೊದಲು ಹಾಲೆರೆದವರು ಇವರೇ ಎಂದು ಸಾಹೇಬರು ಪಿಸುಗುಟ್ಟಿದರು. ಆ ಅಮ್ಮ ಬಾನೆಟ್ಟಿನ ಮೇಲಿದ್ದ ನನ್ನ ಕೈಯನ್ನೇ ನೋಡಿದರು.

'ಕೈ ಯಾಕೆ ಇಟ್ರಿ?'

'ಇಂಥಾ ಗಾಡಿ ಮಣ್ಣುಪಾಲಾಗ್ತಿದೆಯಲ್ಲ ಅಂತ ನೋಡ್ತಿದೀನಿ ಅಮ್ಮ.'

'ಗಾಡಿ ವಿಷ್ಯ ನಿಮಗೆ ಎಂತ ಗೊತ್ತು?'

ನನಗೆ ಮೈಯೆಲ್ಲ ಉರಿದುಹೋಯಿತು. ಬಾನೆಟ್ ಎತ್ತಿ, ಇದು ಕಾರ್ಬುರೇಟರ್, ಇದು ಡೈನಮೋ ಎಂದು ಕಾಲು ಗಂಟೆ ಪಾಠ ಮಾಡಿದೆ. ಅವರು ಚೊಂಬು ಹಿಡಿದುಕೊಂಡೇ ಪೂರ್ತಿ ಕೇಳಿದರು. ಕೊನೆಗೆ, 'ಓಡ್ತದಾ ಇದು?' ಎಂದರು.

'ನಾನು ಕೈ ಹಾಕಿದ್ರೆ ಓಡದೆ ಎಂತ.'

'ಯಾವಾಗ?'

ನಾಗನಿಗೆ ಹಾಲೆರೆಯುವವರು ಇಂಥ ಪ್ರಶ್ನೆ ಯಾಕೆ ಕೇಳುತ್ತಾರೆ ಎಂದು ಆ ಕ್ಷಣ ನನ್ನ ದಪ್ಪ ತಲೆಗೆ ಹೊಳೆಯಲಿಲ್ಲ. ನಾಲ್ಕು ತಿಂಗಳು ಎಂದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು.

'ಮಳೆಗಾಲ ಹಿಡಿಯೋದ್ರೊಳಗೆ ಆಗ್ಬೇಕು. ಓಡಿದ್ರೆ ಮೊದ್ಲು ಹಳೇ ರಸ್ತೆಗೆ ನನ್ನ ಕರ್ಕೊಂಡು ಹೋಗ್ಬೇಕು. ಒಪ್ಪಿಗೆ ಇದ್ರೆ ನಾಗನ್ನ ಬೇರೆ ಕಡೆ ಕೂರ್ಸಿ, ಗಾಡಿ ತಗೊಂಡು ಹೋಗಿ. ಶಾಸ್ತ್ರ ಮಾತ್ರ ಸರಿಯಾಗಿ ಆಗ್ಬೇಕು. ಉಳಿದ ಹೆಂಗಸ್ರಿಗೆ ನಾನು ಹೇಳ್ಕೊಳ್ತೀನಿ.'

ಹಳೇ ರಸ್ತೆ ಎಂದರೆ ಲಿಂಗನಮಕ್ಕಿ ಅಣೆಕಟ್ಟು ಬರುವ ಮೊದಲು ಊರಿಂದೂರಿಗೆ ಇದ್ದ ರಸ್ತೆ. ಈಗ ಅದು ಹಿನ್ನೀರಿನ ಅಡಿಯಲ್ಲಿದೆ. ನೀರು ಚೆನ್ನಾಗಿ ಇಳಿದ ಬೇಸಿಗೆಯಲ್ಲಿ ಮಾತ್ರ ಒಂದಷ್ಟು ದೂರ ಮೇಲೆ ಬಂದು, ಜೂನ್ ಮಳೆಗೆ ಮತ್ತೆ ಮುಳುಗುತ್ತದೆ. ಎಲ್ಲ ವರ್ಷವೂ ಬರುವುದಿಲ್ಲ. ಆ ವರ್ಷ ಮಳೆ ಕಡಿಮೆಯಾಗಿ ಸಂಕ್ರಾಂತಿಗೇ ನೀರು ಹಿಂದೆ ಸರಿಯತೊಡಗಿತ್ತು. 'ಇನ್ನು ಯಾವ ವರ್ಷ ಏಳ್ತದೋ, ಆಗ ನಾನು ಇರ್ತೀನೋ ಇಲ್ವೋ' ಎಂದು ಅವರು ಹಾಲಿನ ದರ ಹೇಳುವಷ್ಟು ಸಲೀಸಾಗಿ ಹೇಳಿದರು. ನಾನು ಒಪ್ಪಿಕೊಂಡೆ.

ಅಳತೆಗೆ ಸಿಗದ್ದನ್ನು ನಂಬಬೇಡಿ ಎಂದವನು ನಾಗನಿಗೆ ಹೆದರಿದನೇ ಎಂದು ಕೇಳಿದರೆ, ಹೆದರಿದೆ. ಚೆನ್ನಾಗಿಯೇ ಹೆದರಿದೆ. 'ನಾಗನ ವಿಷ್ಯ ರೀ, ಆಟ ಆಡ್ಬೇಡಿ' ಎಂದು ಹೆಂಡತಿ ಬೇರೆ ಎರಡು ದಿನ ಬೆನ್ನು ಹತ್ತಿದಳು. ತೀರ್ಥಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಒಬ್ಬನಿದ್ದಾನೆ. ಬೆಳಿಗ್ಗೆ ಮನೆತನದ ದೇವಸ್ಥಾನದ ಪೂಜೆ, ಹತ್ತು ಗಂಟೆಯ ಮೇಲೆ ಸ್ವಂತ ಲೇತ್ ಅಂಗಡಿ. ತರಗತಿಯಲ್ಲಿ ನಾನು ಅವನನ್ನು ಭಟ್ಟ ಎಂದೇ ಕರೆಯುತ್ತಿದ್ದೆ, ಈಗಲೂ ಹಾಗೇ. ಹೋಗಿ ವಿಷಯ ಹೇಳಿದೆ.

'ಅಳತೆ ಇಲ್ದೆ ಯಾವ ಕೆಲ್ಸಕ್ಕೂ ಕೈ ಹಾಕ್ಬೇಡ ಅಂತ ನೀವೇ ಕಲ್ಸಿದ್ದು ಸರ್,' ಎಂದ ಭಟ್ಟ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ. 'ನಾಗನ ಕೆಲ್ಸಕ್ಕೂ ಅಳತೆ ಇದೆ. ಹನ್ನೊಂದು ದಿನ ಮೀನು, ಮಾಂಸ ಬಿಡ್ಬೇಕು. ಬೆಳಿಗ್ಗೆ ತಣ್ಣೀರು ಸ್ನಾನ. ಮುಖ್ಯವಾಗಿ ಯಾರಿಗೂ ಬೈಯಂಗಿಲ್ಲ.'

ಹಳೆಯ ಬೈಗುಳಕ್ಕೆಲ್ಲ ಒಟ್ಟಿಗೆ ಸೇಡು ತೀರಿಸಿಕೊಂಡನೋ ಎಂಬ ಅನುಮಾನ ನನಗೆ ಈಗಲೂ ಇದೆ. ಆ ಹನ್ನೊಂದು ದಿನ ಸಾಗರದ ಮಾರುಕಟ್ಟೆಗೆ ಎಂಥ ಬಂಗುಡೆ ಬಂದಿತ್ತು ಅಂತೀರಿ! ಹೆಂಡತಿ ತನ್ನ ಪಾಲಿಗೆ ಸಾರು ಮಾಡಿಕೊಂಡು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಉಂಡಳು. ವಾಸನೆಗೆ ಬಾಗಿಲಿಲ್ಲವಲ್ಲ. ನಾನು ತಣ್ಣೀರು ಹೊಯ್ದುಕೊಂಡು, ಹಲ್ಲು ಕಚ್ಚಿ, ಯಾರಿಗೂ ಬೈಯದೆ ಕಳೆದೆ.

ಹನ್ನೆರಡನೆಯ ದಿನ ಭಟ್ಟ ಬಂದು ಗುಜರಿಯಲ್ಲಿ ಪೂಜೆ ಮಾಡಿದ. ಹುತ್ತದ ಮಣ್ಣನ್ನು ಹೊಸ ಬುಟ್ಟಿಗಳಲ್ಲಿ ತುಂಬಿ, ಜಾಗದ ಮೂಲೆಯಲ್ಲಿದ್ದ ಸಂಪಿಗೆ ಮರದ ಬುಡಕ್ಕೆ ಒಯ್ದು ಕೂರಿಸಿದೆವು. ಆ ಜಾಗ ಗುಡಿಸಿ ನೀರು ಚಿಮುಕಿಸಿದ್ದು ಸಾಹೇಬರು. ಹುತ್ತದೊಳಗೆ ಹಾವಿರಲಿಲ್ಲ. ಹಾವಿನ ಪೊರೆಯೂ ಇರಲಿಲ್ಲ. ಬರೀ ಗೆದ್ದಲು. ನಾಗ ಮೊದಲೇ ಎದ್ದು ದಾರಿ ಬಿಟ್ಟುಕೊಟ್ಟಿದೆ ಎಂದು ಹೆಂಗಸರು ಕೈಮುಗಿದರು. ನಾನೂ ಮುಗಿದೆ, ಕಣ್ಣಲ್ಲಿ ನೀರೂ ಬಂತು. ಸಾಹೇಬರಿಗೆ ಗುಜರಿ ತೂಕದ ಹಣ ಕೊಟ್ಟು, ಕಾರನ್ನು ಟೆಂಪೋದಲ್ಲಿ ಹೇರಿಕೊಂಡು ಸಾಗರಕ್ಕೆ ತಂದೆ.

ವಾರದ ಮೇಲೆ ಸಾಹೇಬರು ಶೆಡ್ಡಿಗೆ ಬಂದರು, ಅಲ್ಲೇ ಬಿದ್ದುಹೋಗಿದ್ದ ಒಂದು ಚಕ್ರದ ಮುಚ್ಚಳ ಕೊಡಲು. ಚಹಾ ಕುಡಿಯುತ್ತ ಕಾರನ್ನೊಮ್ಮೆ ನೋಡಿ, 'ಅಮ್ಮಂಗೆ ಮಾತ್ರ ಮೋಸ ಮಾಡ್ಬೇಡಿ ಮೇಷ್ಟ್ರೇ' ಎಂದರು. 'ನಾಗ ಇಲ್ಲ ಅಂತ ನಂಗೆ ಮೊದ್ಲಿಂದ ಗೊತ್ತು. ನಾಗನಿಗೆ ಹಾಲು ಹಾಕಕ್ಕೆ ಬರೋರು ದಿನಾ ಮೊದ್ಲು ಸ್ಟೇರಿಂಗ್ ಒರೆಸ್ತಾರಾ ಹೇಳಿ? ಸೆರಗಲ್ಲಿ ಒರೆಸಿ, ಒಂದು ಗಳಿಗೆ ಡ್ರೈವರ್ ಸೀಟಲ್ಲಿ ಕೂತು, ಆಮೇಲೆ ಹಾಲು. ನಾನು ಸಾಮಾನಿನ ಹಿಂದೆ ನಿಂತು ನೋಡಿದ್ದೆ. ಅವ್ರಿಗೆ ಅದು ಬೇಕು ಅಂತ ಗೊತ್ತಾಯ್ತು. ಯಾಕೆ ಅಂತ ಕೇಳಕ್ಕೆ ನಾನು ಯಾರು?'

ನನ್ನ ತಲೆ ಕೆಟ್ಟುಹೋಯಿತು. ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಸೀದಾ ಹೊಸನಗರದ ಬಸ್ಸು ಹತ್ತಿದೆ. ಅಮ್ಮ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಚಪ್ಪಲಿ ಬಿಡುವ ಮೊದಲೇ ಕೂಗಿದೆ.

'ನಾಗ ಇಲ್ಲ ಅಂತ ನಿಮಗೆ ಗೊತ್ತಿತ್ತಾ?'

'ಗೊತ್ತಿತ್ತು.'

'ಹನ್ನೊಂದು ದಿನ ಮೀನು ಬಿಟ್ಟೆ ನಾನು!'

'ಮೈಗೆ ಒಳ್ಳೇದೇ ಆಯ್ತು ಬಿಡಿ. ಕೂತ್ಕೊಳ್ಳಿ, ನೀರು ಬೇಕಾ?'

ಕೂತೆ. ಬೆಲ್ಲವೂ ನೀರೂ ಬಂತು. ಆಮೇಲೆ ಅವರು ಬೀಜ ಬಿಡಿಸುತ್ತಲೇ ಹೇಳಿದರು. ಅವರ ಗಂಡ ಕಾರ್ಗಲ್ಲಿನಲ್ಲಿ ಅಣೆಕಟ್ಟಿನ ಕೆಲಸಕ್ಕೆ ಡ್ರೈವರಾಗಿದ್ದವರು. ಓಡಿಸುತ್ತಿದ್ದದ್ದು ಇದೇ ಕಾರು. ಮುಳುಗುವ ಊರುಗಳನ್ನು ಅಳೆಯಲು ಬರುವ ಎಂಜಿನಿಯರು ಇವರ ಊರಿನ ಹತ್ತಿರದ ಬಂಗಲೆಯಲ್ಲಿ ಇಳಿದುಕೊಳ್ಳುತ್ತಿದ್ದರಂತೆ. ಭಾನುವಾರ ಮಧ್ಯಾಹ್ನ ಎಂಜಿನಿಯರು ಮಲಗಿದ ಮೇಲೆ, ಕಾರು ತೊಳೆದು ತರುತ್ತೇನೆಂದು ಗಂಡ ಹಳ್ಳದ ಕಡೆ ತರುವುದು, ಹೊಸ ಹೆಂಡತಿಗೆ ಡ್ರೈವಿಂಗ್ ಕಲಿಸುವುದು.

'ಹಳೇ ರಸ್ತೇಲಿ ಹಳ್ಳದ ಮೇಲೆ ಒಂದು ಮೋರಿ ಇತ್ತು,' ಎಂದರು. 'ಅಲ್ಲೀವರೆಗೆ ನಾನೇ ಬಿಡ್ತಿದ್ದೆ. ಚೆನ್ನಾಗೇ ಬಿಡ್ತಿದ್ದೆ. ಮೋರಿ ಹತ್ರ ಬಂತು ಅಂದ್ರೆ ಅವ್ರು ಸ್ಟೇರಿಂಗ್ ಮೇಲೆ ಕೈ ಇಡ್ತಿದ್ರು. ನಿಲ್ಸು, ಇಳಿ. ಮೋರಿ ಆಚೆ ಚಾ ಹೋಟ್ಲು, ಮನೆ, ಜನ. ಹೆಂಗಸು ಕಾರು ಬಿಡೋದು ಯಾರಾದ್ರೂ ನೋಡಿ ಎಂಜಿನಿಯರ್ ದೊರೆ ಕಿವಿಗೆ ಹಾಕಿದ್ರೆ ಕೆಲ್ಸ ಹೋಗ್ತಿತ್ತು. ಹಾರನ್ ಮುಟ್ಟಕ್ಕೂ ಬಿಡ್ತಿರ್ಲಿಲ್ಲ, ಶಬ್ದಕ್ಕೆ ಜನ ಬರ್ತಾರೆ ಅಂತ. ಇನ್ನೊಂದ್ಸಲ ದಾಟ್ಸಣ ಕಣೆ ಅಂತಿದ್ರು. ಅಷ್ಟರಲ್ಲಿ ನೀರು ಬಂತು. ಊರು ಬಿಟ್ಟು ಈ ಕಡೆ ಬಂದ್ವಿ.'

ಕಾರು ಹರಾಜಾಗಿ ಯಾರ್ಯಾರದೋ ಕೈ ಸೇರಿತು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಒಂದು ದಿನ ಹಾಲಿನ ಡೈರಿಗೆ ಹೋಗುವಾಗ ಗುಜರಿಯ ಬೇಲಿಯಾಚೆ ಅದೇ ಕಾರು ನಿಂತಿದೆ. ಗೇರ್ ಹಾಕುವ ಕೋಲಿನ ತುದಿಯ ಕರಿ ಗುಂಡು ನೋಡಿ ಗುರುತು ಹಿಡಿದರಂತೆ. ಮೊದಲಿದ್ದದ್ದು ಒಡೆದುಹೋಗಿ, ಗಂಡ ಬೈನೆ ಮರದಲ್ಲಿ ಕೈಯಿಂದಲೇ ಕೆತ್ತಿ ಕೂರಿಸಿದ ಗುಂಡು ಅದು.

'ಸಾಹೇಬ್ರು ಆ ವಾರವೇ ಕಡೀತಿದ್ರು. ಒಳಗೆ ನೋಡ್ದೆ, ಗೆದ್ದಲು ಮೊಳದುದ್ದ ಮಣ್ಣು ಕಟ್ಟಿತ್ತು. ಕುಂಕುಮ ಹಚ್ಚಿ ಹಾಲು ಹಾಕ್ದೆ. ಆಮೇಲೆ ನಾನು ಎಂತದೂ ಮಾಡ್ಲಿಲ್ಲ ಮೇಷ್ಟ್ರೇ, ಉಳಿದದ್ದು ಊರೇ ಮಾಡ್ತು.'

'ಕಡೀಬೇಡಿ ಅಂತ ಸಾಹೇಬ್ರಿಗೆ ನೇರ ಹೇಳ್ಬೋದಿತ್ತಲ್ಲ?'

'ಯಾಕೆ ಅಂತ ಕೇಳ್ತಿದ್ರು. ಮುದುಕಿಗೆ ಕಾರು ಬಿಡೋ ಆಸೆ ಅಂತ ಹೇಳ್ಲಾ? ನಾಗ ಅಂದ್ರೆ ಯಾರೂ ಯಾಕೆ ಅಂತ ಕೇಳಲ್ಲ.' ಬಿಡಿಸಿದ ಬೀಜಗಳನ್ನು ಬದಿಗೆ ಸರಿಸಿ, 'ನಾಗನಿಗೆ ತಪ್ಪುಕಾಣಿಕೆ ಕಟ್ಟಿಟ್ಟಿದೀನಿ. ದಿನಾ ಹಾಲು ಹಾಕಿದ್ದಂತೂ ಸುಳ್ಳಲ್ಲವಲ್ಲ' ಎಂದರು. ಮತ್ತೆ ಹೇಳಿದರು: 'ಮೂರು ಮಕ್ಳು ಹೆತ್ತೆ, ಗದ್ದೆ ಮಾಡ್ದೆ, ಮೊಮ್ಮಕ್ಳ ಮದುವೆ ನೋಡ್ದೆ. ಎಲ್ಲ ಆಯ್ತು. ಆ ಮೋರಿ ಒಂದು ದಾಟ್ಲಿಲ್ಲ.'

ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಮೇ ಮುಗಿಯುವುದರೊಳಗೆ ಮೋರಿ ದಾಟಿಸುತ್ತೇನೆ ಎಂದು ಎದ್ದು ಬಂದೆ.

ಎಂಜಿನ್ ತುಕ್ಕು ಹಿಡಿದು, ತಿರುಗದೆ ಕಚ್ಚಿಕೊಂಡು ಕೂತಿತ್ತು. ಸ್ಪಾರ್ಕ್ ಪ್ಲಗ್ಗಿನ ತೂತುಗಳಲ್ಲಿ ಡೀಸೆಲ್ಲು, ಆಯಿಲ್ಲು ಬೆರೆಸಿ ಬಿಟ್ಟು, ದಿನಾ ಬೆಳಿಗ್ಗೆ ಎಂಜಿನ್ ತಿರುಗಿಸುವ ಮುಂದಿನ ಹ್ಯಾಂಡಲ್ ಹಾಕಿ ಅತ್ತ ಇತ್ತ ಒತ್ತಿ ನೋಡುವುದು. ಜೋರು ಮಾಡಿದರೆ ಒಳಗೆ ಮುರಿಯುತ್ತದೆ, ಬಿಟ್ಟರೆ ಬಿಡುವುದಿಲ್ಲ. ಹತ್ತೊಂಬತ್ತನೆಯ ಬೆಳಿಗ್ಗೆ ಹ್ಯಾಂಡಲ್ ಕೂದಲೆಳೆಯಷ್ಟು ಜರುಗಿತು. ನಾನು ಒಬ್ಬನೇ ಶೆಡ್ಡಿನಲ್ಲಿ 'ಹೋ!' ಎಂದು ಕೂಗಿದ್ದಕ್ಕೆ, ಬಿದ್ದೆನೆಂದುಕೊಂಡು ಹೆಂಡತಿ ಓಡಿ ಬಂದಳು. ಬ್ರೇಕಿನ ಸಿಲಿಂಡರುಗಳು ಒಳಗೆಲ್ಲ ತಿಂದುಹೋಗಿದ್ದವು. ಭಟ್ಟ ತನ್ನ ಲೇತಿನಲ್ಲಿ ಅವಕ್ಕೆ ಹೊಸ ಒಳಕೊಳವೆ ಕಡೆದು ಕೂರಿಸಿಕೊಟ್ಟ. ನಾನು ಅಳೆದು ನೋಡಿದೆ, ಒಂದು ಕೂದಲಿನ ತಪ್ಪಿಲ್ಲ. ಚೆನ್ನಾಗಿದೆ ಎಂದೆ. ಮೂವತ್ತು ವರ್ಷದಲ್ಲಿ ನಾನು ಆ ಮಾತು ಹೇಳಿದ್ದನ್ನು ಕೇಳಿಯೇ ಇರಲಿಲ್ಲವೆಂದು ಭಟ್ಟ ಊರಿಡೀ ಹೇಳಿಕೊಂಡು ಬಂದನಂತೆ.

ಅಮ್ಮ ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಸಾಗರಕ್ಕೆ ಬರುತ್ತಿದ್ದರು. ಬಂದವರೇ ಕೇಳುವುದು ಒಂದೇ ಮಾತು: 'ಹಾರನ್ ಆಯ್ತಾ?'

'ಎಂಜಿನ್ನೇ ಉಸಿರು ಬಿಡ್ತಿಲ್ಲ, ಹಾರನ್ ಅಂತೆ! ಕೊನೆಗೆ ಮಾಡಣ ಬಿಡಿ.'

'ಹಾರನ್ ಇಲ್ದೆ ನಾ ಬರಲ್ಲ.'

ಎಲ್ಲ ಬಿಟ್ಟು ಮೊದಲು ಹಾರನ್ ಸರಿಮಾಡಿದೆ. ಎಮ್ಮೆ ಕೂಗಿದ ಹಾಗೆ ಕೂಗಿತು. ಅವರು ಸ್ಟೇರಿಂಗಿನ ನಡುವೆ ಹೆಬ್ಬೆರಳಿಟ್ಟು ಒಮ್ಮೆ ಮೆತ್ತಗೆ ಒತ್ತಿ, ತಕ್ಷಣ ಕೈ ತೆಗೆದು, ಸುತ್ತ ನೋಡಿದರು.

ಮೇ ಮೊದಲ ವಾರ ಕಾರು ಓಡಿತು. ನಮ್ಮ ಬೀದಿಯ ತುದಿಗೆ ಹೋಗಿ ತಿರುಗಿ ಬಂದಿತು. ಕೆಂಪು ಕೈ ಚಾಚಿದ್ದು, ಹೆಂಡತಿ ನಕ್ಕದ್ದು ಆಗಲೇ. ಅಮ್ಮನಿಗೆ ಫೋನ್ ಮಾಡಿದೆ. 'ನಾಳೆನೇ ಬರ್ತೀನಿ, ಹೋಗಣ' ಎಂದರು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಬಣ್ಣ ಹೊಡೆಯದೆ ಗಾಡಿ ಹೊರಗೆ ತರುವುದಿಲ್ಲ ಎಂದೆ.

ಅವರು ಮರುದಿನ ಬಂದೇಬಿಟ್ಟರು. 'ಆ ರಸ್ತೆಗೆ ಬಣ್ಣ ಬೇಡ ಮೇಷ್ಟ್ರೇ,' ಎಂದರು.

'ಅರ್ಧಂಬರ್ಧ ಕೆಲ್ಸ ನನ್ನ ಶೆಡ್ಡಿಂದ ಹೊರಗೆ ಹೋಗಲ್ಲ,' ಎಂದೆ ನಾನು, ಮೇಷ್ಟ್ರ ಗತ್ತಿನಲ್ಲಿ. ಅವರು ಕಾರಿನ ಹತ್ತಿರ ಹೋದರು. ಗೇರಿನ ಗುಂಡನ್ನು ಒಮ್ಮೆ ಮುಟ್ಟಿ, ಬಸ್ ಸ್ಟ್ಯಾಂಡಿಗೆ ನಡೆದರು.

ಈಗ ಒಪ್ಪಿಕೊಳ್ಳುತ್ತೇನೆ. ಬಣ್ಣ ಬೇಕಿದ್ದದ್ದು ಕಾರಿಗಲ್ಲ, ನನಗೆ. ಹಳೆಯ ವಿದ್ಯಾರ್ಥಿಗಳು ಸಾಲುಗಟ್ಟಿ ನಿಂತು, ಮೇಷ್ಟ್ರ ಕೈಯಲ್ಲಿ ಇನ್ನೂ ಕೆಲಸ ಇದೆ ಎಂದು ಬಾಯಿ ಬಿಡಬೇಕಿತ್ತು. ತುಕ್ಕು ಉಜ್ಜಿದೆ, ಪುಟ್ಟಿ ಹಾಕಿದೆ, ಕಡುಹಸಿರು ಬಣ್ಣ ಹೊಡೆದೆ. ಮೇ ತಿಂಗಳ ಆ ಸೆಕೆಗೆ, ಗಾಳಿಯ ಪಸೆಗೆ, ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿತು. ಕೆರೆದು ಮತ್ತೆ ಹೊಡೆದೆ. ಹೀಗೆ ಮೂರು ವಾರ ಹೋಯಿತು. ಒಂದು ಮಧ್ಯಾಹ್ನ ಗಾಳಿ ಎದ್ದು, ಶೆಡ್ಡಿನ ತಗಡಿನ ಮೇಲೆ ಮಳೆ ಬಿತ್ತು. ಒಂದು ಸಲದ ಮಳೆ ಇರಬೇಕು ಎಂದುಕೊಂಡೆ. ಮೂರು ದಿನ ಬಿಡದೆ ಹೊಯ್ಯಿತು.

ಹೆಂಡತಿ ಬಾಗಿಲಲ್ಲಿ ನಿಂತು ಕಾರನ್ನು ನೋಡಿದಳು. 'ಬಣ್ಣ ಚೆನ್ನಾಗಿ ಬಂದಿದೆ,' ಎಂದಳು. ಅಷ್ಟೇ ಹೇಳಿದ್ದು. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಥೂ ನಿನ್ನ ಎಂದು ನನಗೆ ನಾನೇ ಉಗಿದುಕೊಂಡು ಶೆಡ್ಡಿನ ಮೆಟ್ಟಿಲ ಮೇಲೆ ಕೂತೆ. ಅರವತ್ತು ವರ್ಷ ಕಾದವರನ್ನು ಬಣ್ಣಕ್ಕಾಗಿ ಮತ್ತೆ ಕಾಯಿಸಿದೆನಲ್ಲ ಎಂದು ಅಳು ಬಂತು. ಅಮ್ಮನಿಗೆ ಫೋನ್ ಮಾಡುವ ಧೈರ್ಯವಾಗಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಮಳೆ ಬಿಟ್ಟಿತ್ತು. ಫೋನ್ ಬಂದದ್ದು ಸಾಹೇಬರದು. 'ಮೇಷ್ಟ್ರೇ, ಬೈಕಲ್ಲಿ ಹೋಗಿ ನೋಡ್ಕೊಂಡು ಬಂದೆ. ನೀರು ಏರ್ತಿದೆ. ಆದ್ರೆ ಮೋರಿ ಇನ್ನೂ ಮೇಲಿದೆ. ಇವತ್ತು ಬಂದ್ರೆ ಬಂದ್ರಿ, ನಾಳೆ ನಾ ಹೇಳಲ್ಲ.'

ಎಡಗಡೆಯ ಬಾಗಿಲಿನ ಬಣ್ಣ ಇನ್ನೂ ಹಸಿ ಇತ್ತು. ಹಿಂದಿನ ಸೀಟು ಆಗಿರಲಿಲ್ಲ. ಹುತ್ತ ಇದ್ದ ಜಾಗಕ್ಕೆ ಒಂದು ಹಲಗೆ ಹೊಡೆದು ಹೊರಟೆ. ಹೊಸನಗರ ಮುಟ್ಟುವವರೆಗೆ ಕಿವಿಯೆಲ್ಲ ಎಂಜಿನ್ನಿನ ಮೇಲೆ, ಕಣ್ಣೆಲ್ಲ ಮೋಡದ ಮೇಲೆ. ಅಮ್ಮ ಗೇಟಿನಲ್ಲೇ ನಿಂತಿದ್ದರು, ಮಗಳ ಮನೆಯವರೆಲ್ಲ ಹಿಂದೆ. ನಾನು ಏನೋ ಕ್ಷಮೆಯ ಮಾತು ಶುರುಮಾಡಿದೆ. 'ಅದೆಲ್ಲ ಆಮೇಲೆ, ಬೇಗ ಹೊರಡಿ' ಎಂದು ಹತ್ತಿ ಕೂತರು. ಹತ್ತುವಾಗ ಹಸಿ ಬಣ್ಣ ಸೀರೆಗೆ ಮೆತ್ತಿತು. 'ಆಯ್ತಲ್ಲ, ನಿಮ್ಮ ಬಣ್ಣ ನಂಗೂ ಬಂತು,' ಎಂದರು. ಅಲ್ಲೇ ಕಾಯುತ್ತಿದ್ದ ಸಾಹೇಬರು ಹಿಂದಿನ ಹಲಗೆಯ ಮೇಲೆ ಕೂತು, 'ನಾಗನ ಜಾಗ ನಂಗೆ ಕೊಟ್ರಲ್ಲ ಮೇಷ್ಟ್ರೇ' ಎಂದು ನಕ್ಕರು.

ಟಾರು ರಸ್ತೆ ಬಿಟ್ಟು ಇಳಿಜಾರಿನಲ್ಲಿ ಇಳಿದರೆ ಹಿನ್ನೀರಿನ ಬಯಲು. ಒಣಗಿ ಬಿರಿದಿದ್ದ ಮಣ್ಣು ಮಳೆಗೆ ನೆನೆದು ಮೆತ್ತಗಾಗಿತ್ತು. ಹಳೇ ರಸ್ತೆಯ ಜಲ್ಲಿ ಮಾತ್ರ ಗಟ್ಟಿಯಾಗಿತ್ತು. ಎರಡೂ ಕಡೆ ನೀರು ಹತ್ತಿರ ಬಂದು ನಿಂತಿತ್ತು. ದೂರದಲ್ಲಿ ಮೋರಿ ಕಂಡಿತು. ನಾನು ಕಾರು ನಿಲ್ಲಿಸಿ ಇಳಿದೆ. ಅಮ್ಮ ಚಪ್ಪಲಿ ಬಿಚ್ಚಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡ್ರೈವರ್ ಸೀಟಿಗೆ ಬಂದರು. ಕಾಲು ಪೆಡಲ್ಲಿಗೆ ಎಟುಕಲಿಲ್ಲ. ಸಾಹೇಬರು ತಮ್ಮ ರೈನ್‌ಕೋಟು ಮಡಚಿ ಅವರ ಬೆನ್ನಿಗೆ ಕೊಟ್ಟರು. ನಾನು ಪಕ್ಕದಲ್ಲಿ ಕೂತೆ.

ಮೊದಲ ಸಲ ಎಂಜಿನ್ ಆಫ್ ಆಯಿತು. ಎರಡನೆಯ ಸಲವೂ ಆಯಿತು. 'ಕ್ಲಚ್ ನಿಧಾನ ಬಿಡಿ ಅಮ್ಮ,' ಎಂದೆ. 'ಗೊತ್ತು, ಸುಮ್ನಿರಿ,' ಎಂದರು. ಮೂರನೆಯ ಸಲ ಕಾರು ಒಮ್ಮೆ ಎಗರಿ, ಮುಂದೆ ಹೋಯಿತು. ಆಮೇಲೆ ಆ ಕೈಗಳಿಗೆ ಏನಾಯಿತೋ, ನೆನಪು ಬಂದುಬಿಟ್ಟಿತು. ಬೈನೆ ಗುಂಡನ್ನು ಅಂಗೈಯಲ್ಲಿ ಹಿಡಿದು ಎರಡನೆಯ ಗೇರಿಗೆ ಹಾಕಿದ್ದು ನೋಡಿ ನಾನು ದಂಗಾದೆ. ಇಷ್ಟು ವರ್ಷ ಕಲಿಸಿದ ಹುಡುಗರಲ್ಲಿ ಎಷ್ಟು ಮಂದಿಗೆ ಅಷ್ಟು ನಯವಾಗಿ ಬರುತ್ತಿತ್ತು!

ಮೋರಿ ಹತ್ತಿರವಾಯಿತು. ಕಾರಿನ ಅಗಲಕ್ಕಿಂತ ಆಚೆಗೊಂದು ಈಚೆಗೊಂದು ಮೊಳ ಹೆಚ್ಚು, ಅಷ್ಟೆ. ಎಡಗಡೆಯ ಕಟ್ಟೆ ಕುಸಿದುಹೋಗಿತ್ತು. ಕೆಳಗೆ ಕೆಂಪು ನೀರು ಸುತ್ತುತ್ತಿತ್ತು. ಮೋರಿಯ ಬಾಯಿಗೆ ಬರುವಾಗ ಮುಂದಿನ ಚಕ್ರ ಕೆಸರಿಗೆ ಜಾರಿ ಕಾರು ಎಡಕ್ಕೆ ವಾಲಿತು. ಯೋಚನೆ ಮಾಡುವ ಮೊದಲೇ ನನ್ನ ಕೈ ಹೋಗಿ ಸ್ಟೇರಿಂಗಿನ ಮೇಲೆ ಕೂತಿತ್ತು.

'ಕೈ ತೆಗಿ!'

ಅಷ್ಟು ದಿನದಲ್ಲಿ ನನ್ನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ. ನನ್ನನ್ನೇ ಕರೆದರೋ, ಯಾರನ್ನೋ ಗೊತ್ತಿಲ್ಲ. ಕೆಂಡ ಮುಟ್ಟಿದವನಂತೆ ಕೈ ತೆಗೆದು, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಅವರು ಬಲಕ್ಕೆ ಎಳೆದರು. ಚಕ್ರ ಕಲ್ಲಿನ ಮೇಲೆ ಹತ್ತಿತು. ಕಾರು ಮೋರಿಯ ಮೇಲೆ ನೆಟ್ಟಗೆ ಹೋಗಿ, ಆಚೆ ಇಳಿದು, ಇನ್ನೂ ಸ್ವಲ್ಪ ದೂರ ಹೋಗಿ ನಿಂತಿತು.

ಚಾ ಹೋಟೆಲು ಇರಲಿಲ್ಲ. ಮನೆಗಳಿರಲಿಲ್ಲ. ಸಪಾಟು ಕೆಸರು, ಸತ್ತ ಮರದ ಬೊಡ್ಡೆಗಳು, ಹಕ್ಕಿಗಳ ಹೆಜ್ಜೆ ಗುರುತು. ಅಮ್ಮ ಗಾಜಿನಿಂದಾಚೆ ಬಹಳ ಹೊತ್ತು ನೋಡಿದರು.

'ನೋಡಕ್ಕೆ ಒಬ್ರೂ ಇಲ್ವಲ್ಲ ಮೇಷ್ಟ್ರೇ,' ಎಂದರು.

ಆಮೇಲೆ ಸ್ಟೇರಿಂಗಿನ ನಡುವೆ ಅಂಗೈಯನ್ನೇ ಇಟ್ಟು ಹಾರನ್ ಒತ್ತಿದರು. ಮೆತ್ತಗಲ್ಲ. ಬಿಡದೆ ಒತ್ತಿ ಹಿಡಿದರು. ಆ ಬಯಲಿನ ತುಂಬ ಅದು ಕೂಗಿತು. ದೂರದಲ್ಲಿ, ನೀರಿನ ಅಂಚಿನಲ್ಲಿ ಬಗ್ಗಿ ಬಲೆ ಬಿಡಿಸುತ್ತಿದ್ದವನೊಬ್ಬ ನೆಟ್ಟಗೆ ನಿಂತು, ಹುಬ್ಬಿಗೆ ಕೈ ಅಡ್ಡ ಇಟ್ಟುಕೊಂಡು ನಮ್ಮ ಕಡೆ ತಿರುಗಿದ.

'ಅಮ್ಮ, ಅಲ್ಲೊಬ್ಬ ನೋಡ್ತಿದಾನೆ,' ಎಂದರು ಸಾಹೇಬರು ಹಿಂದಿನಿಂದ.

'ನೋಡ್ಲಿ,' ಎಂದು ಅವರು ಮತ್ತೆ ಗೇರು ಹಾಕಿದರು.